ಒಂದೂವರೆ ಇಟ್ಟಿಗೆ

ಕುರ್ಚಿಯ ಹಿಂದಿನ ಎಡಗಾಲು ಮತ್ತೆ ಮರಳಿನೊಳಗೆ ಇಳಿಯಿತು. ಬಸ್ತಾವಿ ಊರುಗೋಲಿನ ಮೇಲೆ ಭಾರ ಹಾಕಿ ಎದ್ದು, ಕುರ್ಚಿಯನ್ನು ಗೇಣುದ್ದ ಪಕ್ಕಕ್ಕೆ ಸರಿಸಿ, ಕೂತು, ಇನ್ನೇನು ಬೆನ್ನು ಚಾಚಬೇಕು ಅನ್ನುವಷ್ಟರಲ್ಲಿ ಬಲಗಾಲು ಇಳಿಯಿತು. ಬೆಳಗಿನಿಂದ ಇದು ಐದನೆಯ ಸಲ. ಬಿಳಿ ಪ್ಲಾಸ್ಟಿಕ್ಕಿನ ಕುರ್ಚಿ, ಮದುವೆ ಮನೆಗೆ ಬಾಡಿಗೆಗೆ ತರುವಂಥದು. ನೆಲದ ಮೇಲೆ ಕೂತಿದ್ದರೆ ಸುಖವಾಗಿರುತ್ತಿತ್ತು. ಐವತ್ತು ವರ್ಷ ಈ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತೇ ಬದುಕಿದವನು. ಆದರೆ ಅಕ್ಕನ ಮಗ ಹಿಜಾಜಿ ಬೆಳಿಗ್ಗೆ ದೋಣಿ ಇಳಿಯುತ್ತಲೇ ಹೇಳಿಬಿಟ್ಟಿದ್ದ: “ಮಾವ, ಇವತ್ತು ನೆಲ ಗಿಲ ಅಂತ ಕೂತ್ಬಿಡ್ಬೇಡಿ. ಫೋಟೋ ತೆಗೀತಾರೆ. ಸುಮ್ನೆ ಕುರ್ಚಿ ಮೇಲೆ ಕೂತಿರಿ, ನೀವೇನೂ ಮಾಡೋದು ಬೇಡ.” ಏನೂ ಮಾಡೋದು ಬೇಡ! ಮಾತಿಗೆ ಮುಂಚೆ ಈ ಹುಡುಗರು ಈಗ ಇದನ್ನೇ ಹೇಳುತ್ತಾರೆ. ಮನೆಯಲ್ಲಿ ಸೊಸೆ ಹೇಳುತ್ತಾಳೆ, ರೈಲಿನಲ್ಲಿ ಎದುರಿಗೆ ಕೂತವನು ಹೇಳಿದ, ದೋಣಿಯವನು ಕಂಕುಳಿಗೆ ಕೈಕೊಟ್ಟು ಎತ್ತುತ್ತ ಹೇಳಿದ. ಸತ್ತವನನ್ನು ಸ್ನಾನ ಮಾಡಿಸುವಾಗ ಮಾತ್ರ ಅವನು ಏನೂ ಮಾಡುವುದು ಬೇಡ ಎಂದು ಬಸ್ತಾವಿ ತಿಳಿದುಕೊಂಡಿದ್ದ.

ತಲೆಯ ಮೇಲೆ ಯಾವುದೋ ತಂಪು ಪಾನೀಯದ ಹೆಸರು ಬರೆದ ಕೆಂಪು ಕೊಡೆ. ಅದರ ನೆರಳು ಅವನ ಮೊಣಕಾಲಿನವರೆಗೆ ಮಾತ್ರ ಬರುತ್ತಿತ್ತು. ಚಹಾ ಬಂತು, ಸಕ್ಕರೆಯಿಲ್ಲದ್ದು. “ನಿಮಗೆ ಸಕ್ಕರೆ ಕಾಯಿಲೆ ಅಂತ ಹಿಜಾಜಿ ಹೇಳ್ಯಾನೆ” ಎಂದು ಚಹಾದವನು ಇಡೀ ಬಯಲಿಗೆ ಕೇಳುವ ಹಾಗೆ ಹೇಳಿ ಹೋದ. ಎದುರಿಗೆ, ಹತ್ತು ಹೆಜ್ಜೆ ದೂರದಲ್ಲಿ, ಆ ಮನೆ. ಮನೆ ಅಂದರೇನು, ಮೊಣಕಾಲೆತ್ತರದ ಮಣ್ಣಿನ ಗೋಡೆಗಳ ಗುರುತು. ಸೂರ್ಯನೊಬ್ಬನೇ ದೇವರು ಅಂದುಕೊಂಡ ಅಖೆನಾತೆನ್ ದೊರೆ ಈ ಮರಳುಗಾಡಿನಲ್ಲಿ ರಾಜಧಾನಿ ಕಟ್ಟಿ, ಹದಿನೈದೋ ಇಪ್ಪತ್ತೋ ವರ್ಷ ಬಾಳಿಸಿ, ಸತ್ತು, ಹಿಂದೆಯೇ ಜನವೆಲ್ಲ ಬಾಗಿಲು ಕಿತ್ತುಕೊಂಡು ಹೊರಟುಹೋದ ಊರು ಇದು. ಮೂರೂಕಾಲು ಸಾವಿರ ವರ್ಷದ ಮೇಲೆ ಅದರೊಳಗಿನ ಈ ಒಂದು ಮನೆಯನ್ನು, ಪಟ್ಟಿಯಲ್ಲಿ ಮೂವತ್ತೇಳನೆಯ ಮನೆ ಅಂತ ಬರೆದಿರುವುದನ್ನು, ಮರಳಿನಿಂದ ಎತ್ತಿದವನು ಬಸ್ತಾವಿ. ನಲವತ್ತೊಂದು ವರ್ಷದ ಹಿಂದೆ, ಅವನು ಅಗೆತದ ಆಳುಗಳ ಮೇಸ್ತ್ರಿ, ಅಂದರೆ ರಯಿಸ್, ಆದ ಮೊದಲ ಚಳಿಗಾಲದ ಕೊನೆಯಲ್ಲಿ. ಈಗ ಆ ಹಳೆಯ ಗೋಡೆಗಳನ್ನು ಮರಳಿನಿಂದ ಮುಚ್ಚಿ, ಅವುಗಳ ಮೇಲೆ ಅದೇ ಸಾಲಿನಲ್ಲಿ ಹೊಸ ಹಸಿ ಇಟ್ಟಿಗೆಯಿಟ್ಟು ಗುರುತು ಕಟ್ಟುತ್ತಾರಂತೆ, ನೋಡಲು ಬಂದವರಿಗೆ ಮನೆ ಹೇಗಿತ್ತು ಅಂತ ತಿಳಿಯಲಿ ಎಂದು. ಅಗೆದವರಲ್ಲಿ ಬದುಕಿ ಉಳಿದವನು ಅವನೊಬ್ಬನೇ, ಅದಕ್ಕೆ ಅವನ ಊರಾದ ಕುಫ್ತಿನಿಂದ ಕರೆಸಿದ್ದಾರೆ. ಅವನು ಕೂತು ನೋಡಬೇಕು, ಹೌದು ಹೀಗೇ ಇತ್ತು ಅನ್ನಬೇಕು, ಫೋಟೋ ತೆಗೆಸಿಕೊಳ್ಳಬೇಕು.

ಹೀಗೆ ಇರಲಿಲ್ಲ. ಮೂಡಣ ಕೋಣೆಗೆ ಈಗ ಮೂರೇ ಗೋಡೆ. ನಾಲ್ಕನೆಯದೊಂದು ಇತ್ತು.

“ರಯಿಸ್, ನಿಮ್ಮ ಕುರ್ಚಿ ಕುಡಿದೈತೆ” ಅನ್ನುವ ದನಿ ಪಕ್ಕದಿಂದ ಬಂತು. ಬಸ್ತಾವಿ ತಿರುಗಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಕಾವಲುಗಾರ ವಿಸ್ಸಾ ಇನ್ನೊಂದು ಕುರ್ಚಿಯನ್ನು ಎಳೆದು ತಂದು, ಅದರ ನಾಲ್ಕು ಕಾಲಿನ ಕೆಳಗೂ ಚಪ್ಪಟೆ ಕಲ್ಲು ಸಿಕ್ಕಿಸಿ, ಕೂತ. ಅವನ ಕುರ್ಚಿ ಅಲ್ಲಾಡಲಿಲ್ಲ. ಈ ಸಣ್ಣ ಸಂಗತಿಗೆ ಬಸ್ತಾವಿಯ ಮೈಯೆಲ್ಲ ಉರಿಯಿತು. ಇದೊಂದು ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದಲ್ಲ. ಹೊಳೆದದ್ದು ವಿಸ್ಸಾನಿಗೆ ಎಂದು.

“ಕಲ್ಲು ಕೊಡ್ಲಾ?”

“ಬ್ಯಾಡ.”

“ಬಿದ್ದೀರಿ. ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಕೂಡಲ್ಲ. ನಮ್ಮ ಚರ್ಚಿನ ಪಾದ್ರಿ ಹಿಂಗೇ ಬಿದ್ದು—”

“ನಿಮ್ಮ ಪಾದ್ರಿ ಕಥೆ ಕೇಳೋಕೆ ಕುಫ್ತಿಂದ ಬಂದಿಲ್ಲ ಕಣೋ.”

“ಮತ್ಯಾಕೆ ಬಂದ್ರಿ?” ಎಂದ ವಿಸ್ಸಾ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವವನ ಹಾಗೆ. ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದ. ಆ ಕೈಗೆ ಮೂರೇ ಬೆರಳು. ಅವನ ಚಹಾದಲ್ಲಿ ತಳದಿಂದ ಅರ್ಧ ಬೆರಳೆತ್ತರ ಸಕ್ಕರೆ ಕೂತಿತ್ತು, ಬಿಸಿಲಿಗೆ ಮಿನುಗುತ್ತಿತ್ತು.

ಆ ಬೆರಳು. ಬಸ್ತಾವಿ ಅವನ್ನು ನೋಡಬಾರದೆಂದು ದೂರದ ಬಂಡೆಸಾಲನ್ನು ನೋಡಿದ. ಈ ಮನೆ ಅಗೆದ ವರ್ಷ ಇಲ್ಲಿಂದ ಹೊರಬಿದ್ದ ವಿಸ್ಸಾ ಹೊಳೆಯಾಚೆ ಬಿಳಿಕಲ್ಲು ಕೊಯ್ಯುವ ಗಣಿಗೆ ಸೇರಿದ್ದ, ಮೂರನೆಯ ತಿಂಗಳಲ್ಲಿ ಚಕ್ರದ ಗರಗಸ ಎರಡು ಬೆರಳು ತಿಂದಿತ್ತು. ಈ ಸುದ್ದಿಯನ್ನು ಬಸ್ತಾವಿಗೆ ಹೇಳಿದವರು ಯಾರೋ ನಗುತ್ತ ಹೇಳಿದ್ದರು. ಆಮೇಲೆ ಎಷ್ಟೋ ವರ್ಷಕ್ಕೆ ಅವನಿಗೆ ಕಾವಲಿನ ಕೆಲಸ ಸಿಕ್ಕಿತು. ಅಂದಿನಿಂದ ಪ್ರತಿ ಚಳಿಗಾಲ ಬಸ್ತಾವಿ ಇಲ್ಲಿಗೆ ಬಂದಾಗಲೆಲ್ಲ ಅವನ ಸಲಾಮನ್ನು ತೆಗೆದುಕೊಂಡಿದ್ದ, ಹಬ್ಬಕ್ಕೆ ಅವನು ಕಳಿಸಿದ ಖರ್ಜೂರದ ಬಿಸ್ಕತ್ತು ತಿಂದಿದ್ದ. ಒಂದು ದಿನವಾದರೂ ಆ ಮನುಷ್ಯ ಆ ಗೋಡೆಯ ಮಾತೆತ್ತಲಿಲ್ಲ. ಎತ್ತಿದ್ದರೆ ಬೈದುಬಿಡಬಹುದಾಗಿತ್ತು, ಜಗಳ ಮುಗಿಯುತ್ತಿತ್ತು. ಎತ್ತದೇ ಇರುವುದು ಒಂದು ಬಗೆಯ ಸೊಕ್ಕು ಎಂದು ಬಸ್ತಾವಿಗೆ ಕಾಣುತ್ತಿತ್ತು. ತನ್ನ ಬಾಯಲ್ಲಿ ಒಂದು ಮಾತನ್ನು ನಲವತ್ತೊಂದು ವರ್ಷ ಅಗಿಯದೆ ನುಂಗದೆ ಇಟ್ಟುಕೊಂಡವನ ಸೊಕ್ಕು.

ಅವತ್ತು ಖಮ್ಸೀನ್ ಎದ್ದಿತ್ತು. ಬೇಸಗೆಯ ಮೊದಲ ಧೂಳುಗಾಳಿ. ಆಕಾಶ, ನೆಲ, ಮನುಷ್ಯನ ಹುಬ್ಬು ಎಲ್ಲ ಒಂದೇ ಬಣ್ಣ. ಹಸಿ ಇಟ್ಟಿಗೆಯ ಗೋಡೆ ಮಣ್ಣೇ, ಅದರ ಮೇಲೆ ಬಿದ್ದದ್ದೂ ಮಣ್ಣೇ, ಮಧ್ಯೆ ತುಂಬಿದ್ದೂ ಮಣ್ಣೇ. ಮಣ್ಣಿನೊಳಗೆ ಮಣ್ಣನ್ನು ಬಿಡಿಸುವುದೇ ಈ ಕಸುಬು. ಅಪ್ಪ ಹೇಳುತ್ತಿದ್ದ: ಗಾಳಿ ಇದ್ದ ದಿನ ಕಣ್ಣನ್ನು ಕೇಳಬೇಡ, ಅದು ಸುಳ್ಳು ಹೇಳುತ್ತೆ, ಅಂಗೈಯನ್ನು ಕೇಳು. ಇಟ್ಟಿಗೆ ತಣ್ಣಗಿರುತ್ತೆ, ಬಿದ್ದ ಮಣ್ಣು ಬೆಚ್ಚಗಿರುತ್ತೆ. ಅಪ್ಪನಿಗೆ ಅದು ಬರುತ್ತಿತ್ತು. ಅಪ್ಪ ತೀರಿಕೊಂಡು ನಲವತ್ತು ದಿನವೂ ಆಗಿರಲಿಲ್ಲ. ಪೇಟ ಸುತ್ತಿ ಮಗನನ್ನು ರಯಿಸ್ ಮಾಡಿದ್ದರು, ಕುಫ್ತಿನ ಹಿರಿಯರೆಲ್ಲ ಅವನ ಗುದ್ದಲಿಯ ಕಡೆಗೇ ನೋಡುತ್ತಿದ್ದರು. ದೇಶದಲ್ಲಿ ಎಲ್ಲಿ ಹಳೆಯ ಊರು ಅಗೆದರೂ ನಾಲ್ಕು ತಲೆಮಾರಿನಿಂದ ಅದೇ ಕಟ್ಟಳೆ: ಗುದ್ದಲಿ ಕುಫ್ತಿನವರದು, ಬುಟ್ಟಿ ಊರಿನವರದು. ಅಗೆಯುವವನು ಮಾತಾಡುತ್ತಾನೆ, ಹೊರುವವನು ಹೊರುತ್ತಾನೆ. ಅಂಥದರಲ್ಲಿ ಬುಟ್ಟಿಯನ್ನು ಹೆಗಲಿಗೇರಿಸಿ ನಿಂತಿದ್ದ ವಿಸ್ಸಾ, ಬಸ್ತಾವಿಯ ವಯಸ್ಸಿನವನೇ, ಮೂರು ಮಕ್ಕಳ ತಂದೆ, ಹತ್ತು ಆಳುಗಳ ಎದುರಿಗೆ, ಇವತ್ತು ಗಾಳಿ ಜಾಸ್ತಿ ಅನ್ನುವಷ್ಟು ಸಲೀಸಾಗಿ ಹೇಳಿದ್ದ: “ರಯಿಸ್, ಅಲ್ಲಿ ಗೋಡೆ ಐತೆ.”

ಯಾರೋ ನಕ್ಕರು. ಯಾರು ನಕ್ಕರು ಅನ್ನುವುದನ್ನು ಬಸ್ತಾವಿ ಇಷ್ಟು ವರ್ಷದಲ್ಲಿ ಎಷ್ಟೋ ಸಲ ಲೆಕ್ಕ ಹಾಕಿದ್ದಾನೆ. ಖಲೀಲ್ ಇರಬೇಕು, ಇಲ್ಲ ಅವನ ಷಡ್ಡಕ. ಇಬ್ಬರೂ ಈಗ ಇಲ್ಲ. ನಕ್ಕವರು ವಿಸ್ಸಾನನ್ನು ನೋಡಿ ನಕ್ಕಿದ್ದರೂ ನಕ್ಕಿರಬಹುದು. ಆದರೆ ಆಗ ಅವನಿಗೆ ಕಂಡದ್ದು ಅಪ್ಪನ ಪೇಟ ತನ್ನ ತಲೆಯ ಮೇಲೆ ಸಡಿಲವಾಗಿದೆ ಅನ್ನುವುದು. “ಬುಟ್ಟಿ ಕೆಳಗಿಡು” ಅಂದ. “ನಾಳೆಯಿಂದ ಬರಬ್ಯಾಡ.” ವಿಸ್ಸಾ ಬುಟ್ಟಿ ಇಟ್ಟ. ಎಸೆಯಲಿಲ್ಲ, ಇಟ್ಟ. ಒಳಗಿನ ಮಣ್ಣನ್ನು ಚೆಲ್ಲದ ಹಾಗೆ.

“ರಯಿಸ್ ಬಸ್ತಾವಿ! ಎಷ್ಟು ಖುಷಿ ಆಯ್ತು ಗೊತ್ತಾ ನೀವು ಬಂದಿದ್ದು!” ಈ ಗುರುತು ಕಟ್ಟಿಸುವ ಇಂಜಿನಿಯರಮ್ಮ ನಜ್ಲಾ ಮಡಿಚಿದ ನಕ್ಷೆ, ಪುಸ್ತಕ, ನೀರಿನ ಬಾಟಲಿ ಎಲ್ಲವನ್ನೂ ಒಂದೇ ಕಂಕುಳಲ್ಲಿ ಅವುಚಿಕೊಂಡು ಬಂದಳು. ಕೈರೋದವಳು, ಮೂವತ್ತೈದರ ಒಳಗಿನವಳು, ತಲೆಗೆ ಹಳದಿ ವಸ್ತ್ರ, ಕಾಲಿಗೆ ಗಂಡಸರ ಬೂಟು. ಅವಳ ಹಿಂದೆ ಕ್ಯಾಮರಾ ಹಿಡಿದ ಒಬ್ಬ, ಅವನ ಹಿಂದೆ ಹಿಜಾಜಿ. ಹಿಜಾಜಿಯ ಮುಖದಲ್ಲಿ ಮದುವೆಯ ಗಂಡಿನ ಕಳೆ. ಇಲ್ಲಿನ ರಯಿಸ್ ಈಗ ಅವನೇ. ಬಸ್ತಾವಿಯ ಕೈ ಅಂದರೆ ಗೋಡೆ ತಾನಾಗಿ ಎದ್ದು ಬರುತ್ತೆ ಅಂತ ಒಂದು ಮಾತಿದೆ. ಆ ಕೈ ಅಳಿಯನಿಗೂ ಬಂದಿದೆ ಅಂತಲೇ ಅವನಿಗೆ ಕೆಲಸ ಕೊಟ್ಟದ್ದು.

“ಚಹಾ ಕುಡಿದ್ರಾ? ಏನಾದ್ರೂ ಬೇಕಾ?”

“ಸಕ್ಕರೆ” ಎಂದ ಬಸ್ತಾವಿ.

“ಮಾವ!”

“ಸಕ್ಕರೆ ಕೇಳಿದೆ ಕಣಯ್ಯ, ವಿಷ ಕೇಳ್ಲಿಲ್ಲ.”

ನಜ್ಲಾ ನಗುತ್ತ ನಕ್ಷೆಯನ್ನು ಅವನ ಮೊಣಕಾಲಿನ ಮೇಲೆ ಹರಡಿದಳು. ಕುರ್ಚಿ ಇಳಿಯಿತು, ನಕ್ಷೆ ಜಾರಿತು, ವಿಸ್ಸಾ ಮೂರು ಬೆರಳಿನ ಕೈಯಿಂದ ಅದರ ಮೂಲೆಯನ್ನು ಹಿಡಿದುಕೊಂಡ. ಬಸ್ತಾವಿಗೆ ಓದು ಅಷ್ಟಾಗಿ ಬಾರದು, ಆದರೆ ನಕ್ಷೆ ಬರುತ್ತದೆ. ಲೂಡೊ ಎಂಬ ತೆಳ್ಳನೆಯ ಪರದೇಶಿ ಹುಡುಗ ಬರೆದದ್ದು. ಆ ಹುಡುಗ ಮುದುಕನಾಗಿ, ದೊಡ್ಡ ಹೆಸರು ಮಾಡಿ, ತನ್ನ ದೇಶದಲ್ಲಿ ತೀರಿಕೊಂಡಿದ್ದ. ವಿಸ್ಸಾನನ್ನು ತೆಗೆದ ದಿನ ಸಂಜೆ, ಗಾಳಿ ಇಳಿದ ಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು, ಮುರುಕು ಭಾಷೆಯಲ್ಲಿ, ಇಲ್ಲಿ ಮೂಡಲಿಗೆ ಗೋಡೆ ಇಲ್ಲವಾ ರಯಿಸ್, ಎಂದು ಕೇಳಿದ್ದ. “ಇಲ್ಲ” ಅಂದಿದ್ದ ಬಸ್ತಾವಿ. ಅಷ್ಟೇ. ಒಂದೇ ಮಾತು. ಹುಡುಗ ಪೆನ್ಸಿಲ್ ತೆಗೆದು ಅಲ್ಲಿ ಏನೂ ಬರೆಯಲಿಲ್ಲ. ಆ ಏನೂ ಬರೆಯದ ಜಾಗ ಈಗ ಅವನ ತೊಡೆಯ ಮೇಲೆ ಇತ್ತು, ಬೆಳ್ಳಗೆ, ಆರು ಹೆಜ್ಜೆ ಉದ್ದ.

“ಈ ಜಾಗ ಇದೆಯಲ್ಲ, ಇದಕ್ಕೋಸ್ಕರವೇ ಜನ ಬರ್ತಾರೆ ರಯಿಸ್” ಎಂದಳು ನಜ್ಲಾ. ಬೆರಳನ್ನು ಅದೇ ಬಿಳುಪಿನ ಮೇಲೆ ಇಟ್ಟಿದ್ದಳು. “ಇಡೀ ಊರಲ್ಲಿ ಇನ್ಯಾವ ಮನೆಗೂ ಹೀಗಿಲ್ಲ. ಮೂಡಲಿಗೆ ಪೂರ್ತಿ ತೆರೆದ ಕೋಣೆ! ಬೆಳಗಿನ ಮೊದಲ ಬಿಸಿಲು ನೇರ ಒಳಕ್ಕೆ ಬರಲಿ ಅಂತ ಮನೆಯವರು ಗೋಡೆನೇ ಕಟ್ಟಲಿಲ್ಲ. ದೊರೆ ದೇವಸ್ಥಾನದಲ್ಲಿ ಮಾಡಿದ್ದನ್ನ ಇವರು ಮನೇಲಿ ಮಾಡಿದ್ರು. ಲೂಡೊ ಅವರ ಪುಸ್ತಕದಲ್ಲಿ ಇದೊಂದೇ ಕೋಣೆ ಮೇಲೆ ನಲವತ್ತು ಪುಟ ಇದೆ. ನಾನು ಡಾಕ್ಟರೇಟ್ ಮಾಡಿದ್ದೂ ಇದರ ಮೇಲೇ. ಆರು ವರ್ಷ!” ಆಮೇಲೆ ಸ್ವಲ್ಪ ನಾಚಿ, “ನನ್ನ ಮಗಳ ಹೆಸರು ಶಮ್ಸ್” ಅಂದಳು. ಬಿಸಿಲು ಅಂತ.

ಬಸ್ತಾವಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ! ಇಷ್ಟು ಓದಿದವರು, ಕನ್ನಡಕದವರು, ಮಣ್ಣನ್ನು ಸಾಣಿಸಿ ಮೀನಿನ ಮುಳ್ಳು ಎಣಿಸುವವರು, ಒಬ್ಬರಾದರೂ ಒಂದು ಸಲ ಯೋಚನೆ ಮಾಡಬಾರದೇ? ಖಮ್ಸೀನಿನ ಬಾಯಿಗೆ ಕೋಣೆಯನ್ನು ತೆರೆದಿಟ್ಟುಕೊಂಡು ಯಾವ ಗೃಹಸ್ಥ ಬಾಳುತ್ತಾನೆ? ರೊಟ್ಟಿಯ ಹಿಟ್ಟಿನಲ್ಲಿ ಮರಳು, ಮಗುವಿನ ಕಣ್ಣಲ್ಲಿ ಮರಳು. ಮನೆಯ ಹೆಂಗಸು ಎರಡನೆಯ ದಿನವೇ ಗಂಡನ ತಲೆಗೆ ಮಡಕೆ ಎಸೆಯುತ್ತಿದ್ದಳು. ದೇವರಿಗೆ ಬಿಸಿಲು ಬೇಕಾದರೆ ಅಂಗಳವಿಲ್ಲವೇ, ಮಹಡಿಯಿಲ್ಲವೇ? ಇದನ್ನು ಕುಫ್ತಿನ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ. ಅವನೊಬ್ಬನ ಒಂದು ‘ಇಲ್ಲ’ವನ್ನು ನಂಬಿ ನಲವತ್ತು ಪುಟ, ಆರು ವರ್ಷ, ಒಂದು ಹೆಣ್ಣುಮಗುವಿನ ಹೆಸರು. ತನ್ನನ್ನು ಇಷ್ಟು ನಂಬಿದ್ದಕ್ಕೆ ಅವನಿಗೆ ಅವರ ಮೇಲೆಯೇ ಸಿಟ್ಟು ಬಂತು.

“ಈಗ ನೀವು ಕ್ಯಾಮರಾ ನೋಡಿ ಒಂದು ಮಾತು ಹೇಳ್ಬೇಕು, ಅಷ್ಟೇ” ಎಂದಳು ನಜ್ಲಾ. “ನಾನು ಕೇಳ್ತೀನಿ: ಇಲ್ಲಿ ಗೋಡೆ ಇರಲಿಲ್ಲ ಅಲ್ವಾ? ನೀವು ನಿಮ್ಮ ಮಾತಲ್ಲೇ ಹೇಳಿ.”

“ಮೊದಲು ಸಕ್ಕರೆ ಬರ್ಲಿ.”

ಸಕ್ಕರೆ ಬಂತು. ಕಲಕಿದ. ಬಹಳ ಹೊತ್ತು ಕಲಕಿದ. ಚಮಚ ಲೋಟಕ್ಕೆ ತಾಗುವ ಸದ್ದು ಅವನಿಗೇ ಅಸಹ್ಯವಾಗುವ ತನಕ ಕಲಕಿದ. ಮನೆಯೊಳಗೆ ಗಾರೆಕೆಲಸದ ಶಹಾತಾ ಗೂಟ ನೆಟ್ಟು ಮೂಲೆಯಿಂದ ಮೂಲೆಗೆ ದಾರ ಎಳೆಯುತ್ತಿದ್ದ. ಬಡಗಣ ಗೋಡೆಯ ದಾರ ಮೂಡಲಿಗೆ ಹೋಗಿ, ಗೂಟಕ್ಕೆ ಒಂದು ಸುತ್ತು ಸುತ್ತಿ, ನಿಂತಿತು. ಅಲ್ಲಿಂದ ಮುಂದಕ್ಕೆ ತಿರುಗಬೇಕಾದ್ದು ತಿರುಗಲಿಲ್ಲ. ಹೊಸ ಇಟ್ಟಿಗೆಗಳು ಪಕ್ಕದಲ್ಲಿ ಸಾಲಾಗಿ ಜೋಡಿಸಿದ್ದವು, ಹೊಟ್ಟು ಬೆರೆಸಿದ ಹೊಳೆಮಣ್ಣಿನವು, ಹಳೆಯವುಗಳ ಅಳತೆಯವೇ. ಇವನ್ನು ಇಟ್ಟುಬಿಟ್ಟರೆ ಮುಗಿಯಿತು. ಕಾಗದದ ಮೇಲಿನ ಸುಳ್ಳು ಒದ್ದೆಯಾಗಿ ಹರಿಯಬಹುದು. ಇಟ್ಟಿಗೆಯಲ್ಲಿ ಕಟ್ಟಿದ ಸುಳ್ಳಿನ ಒಳಗೆ ಜನ ಬಂದು ನಿಂತು ಸೂರ್ಯನಿಗೆ ಮುಖ ಒಡ್ಡುತ್ತಾರೆ.

ಹೇಳಿಬಿಡಬಹುದಿತ್ತು. ಗಾಳಿಯಲ್ಲಿ ಕಾಣದೆ ಗೋಡೆ ಕಡಿದದ್ದು ಅಷ್ಟು ದೊಡ್ಡ ಪಾಪವಲ್ಲ. ಅಪ್ಪನೂ ಒಂದು ಸಲ ಕಡಿದಿದ್ದ, ಆಮೇಲೆ ತಾನೇ ಹೋಗಿ ಹೇಳಿ ಬೈಸಿಕೊಂಡಿದ್ದ. ಆದರೆ ಅಷ್ಟೇ ಆಗಿದ್ದರೆ ಬಸ್ತಾವಿ ನಲವತ್ತೊಂದು ವರ್ಷದಲ್ಲಿ ಯಾವತ್ತೋ ಹೇಳುತ್ತಿದ್ದ. ವಿಸ್ಸಾ ಹೋದ ಮೇಲೆ ಮಧ್ಯಾಹ್ನದ ಊಟಕ್ಕೆ ಆಳುಗಳೆಲ್ಲ ಬಂಡೆಯ ಮರೆಗೆ ಹೋಗಿದ್ದರು. ಅವನೊಬ್ಬನೇ ಗುಂಡಿಯಲ್ಲಿ ಉಳಿದ. ಗಾಳಿ ಒಂದು ಗಳಿಗೆ ನಿಂತಿತು. ಮುಖ ಒರೆಸಿಕೊಂಡು, ಬೇಡಬೇಡ ಅನ್ನುತ್ತಲೇ, ಅಂಗೈಯನ್ನು ಮಣ್ಣಿನ ಮೇಲೆ ಇಟ್ಟ. ತಣ್ಣಗಿತ್ತು. ಬೆರಳಿನಿಂದ ಉಜ್ಜಿದ. ಇಟ್ಟಿಗೆ, ಕೆಸರಿನ ಸಂದು, ಇಟ್ಟಿಗೆ. ಒಂದು ಇಟ್ಟಿಗೆ ಉದ್ದಕ್ಕೆ, ಅದರ ಬೆನ್ನಿಗೆ ಅರ್ಧ. ಒಂದೂವರೆ. ಎರಡು ಹೆಜ್ಜೆ ಆಗಲೇ ಗುದ್ದಲಿಗೆ ಹೋಗಿತ್ತು, ಇನ್ನೂ ನಾಲ್ಕು ಹೆಜ್ಜೆ ಗೋಡೆ ಉಳಿದಿತ್ತು, ಮೊಣಕಾಲೆತ್ತರ, ಗಟ್ಟಿಮುಟ್ಟಾಗಿ. ಕೂಗಿದ್ದರೆ ಕೇಳುವಷ್ಟು ದೂರದಲ್ಲಿ, ಹೊಲದ ಬದುವಿನ ಮೇಲೆ, ವಿಸ್ಸಾ ಮನೆಯ ಕಡೆಗೆ ನಡೆದುಹೋಗುತ್ತಿದ್ದ. ಕೈ ಬೀಸಿಕೊಂಡು ಹೋಗುತ್ತಿದ್ದ, ಹೊರುವುದೇನೂ ಇಲ್ಲದ್ದರಿಂದ. ಬಸ್ತಾವಿ ನೋಡಿದ. ಆಮೇಲೆ ಗುದ್ದಲಿ ತೆಗೆದುಕೊಂಡು ಉಳಿದ ನಾಲ್ಕು ಹೆಜ್ಜೆಯನ್ನೂ ಕಡಿದ. ನೆಲ ಕಾಣುವವರೆಗೆ ಕಡಿದ. ಎರಡೂ ಪಕ್ಕದ ಗೋಡೆಯಲ್ಲಿ ಅದು ಕೂಡಿದ ಗಾಯ ಕಾಣದ ಹಾಗೆ ಕರಣೆಯಿಂದ ಕೆಸರು ಸವರಿದ. ಆಳುಗಳು ಬರುವಷ್ಟರಲ್ಲಿ ಮುಗಿಯಬೇಕಿತ್ತಲ್ಲ, ಬುಟ್ಟಿಯನ್ನೂ ತಾನೇ ತುಂಬಿ, ತಾನೇ ಹೊತ್ತು, ದಿಬ್ಬಕ್ಕೆ ಸುರಿದ. ಹದಿನೇಳು ಬುಟ್ಟಿ. ಕುಫ್ತಿನ ರಯಿಸ್ ಒಬ್ಬ ಬುಟ್ಟಿ ಹೊತ್ತದ್ದು ಅದೇ ಮೊದಲಿರಬೇಕು, ಅದನ್ನು ನೋಡಿದವರಿಲ್ಲ. ಬುಟ್ಟಿ ಹೊರುವವನ ಮಾತು ಸುಳ್ಳಾಗಬೇಕು ಅಂತ ಅವನು ಬುಟ್ಟಿ ಹೊತ್ತ.

“ರಯಿಸ್? ಶುರು ಮಾಡೋಣ್ವಾ?”

ಪಕ್ಕದಲ್ಲಿ ವಿಸ್ಸಾ ಸುರ್ ಎಂದು ಚಹಾ ಎಳೆದ. ಎಷ್ಟು ನಿರಾಳವಾದ ಸದ್ದು! ಬಸ್ತಾವಿಗೆ ತಡೆಯಲಾಗಲಿಲ್ಲ.

“ನೀನೇನಾದ್ರೂ ಹೇಳಬಾರ್ದಾ?” ಎಂದು ಅವನ ಮೇಲೆ ಹರಿಹಾಯ್ದ.

“ನಾನಾ? ನಂದೇನೈತೆ ರಯಿಸ್, ನಾನು ಕಾವಲಿನೋನು.”

“ನಲವತ್ತೊಂದು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದೀಯಲ್ಲೋ! ಒಂದ್ಸಲ ಬೈದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಬೈಯೋಕೆ ನೀವು ಪುರುಸೊತ್ತು ಕೊಡಬೇಕಲ್ಲ” ಎಂದ ವಿಸ್ಸಾ. “ವರ್ಷಾ ವರ್ಷ ಬಂದ ತಕ್ಷಣ ನೀವೇ ಬೈಯೋಕೆ ಶುರು ಮಾಡ್ತೀರ. ಕಾವಲು ಸರಿಯಿಲ್ಲ, ನಾಯಿ ಬಂದೈತೆ, ಬೀಗ ತುಕ್ಕು ಹಿಡದೈತೆ.”

ಕ್ಯಾಮರಾದವನು ನಕ್ಕ. ನಜ್ಲಾ ಇಬ್ಬರ ಮುಖವನ್ನೂ ನೋಡಿದಳು. ಹಿಜಾಜಿ, “ಮಾವ, ಬಿಸಿಲು ಜಾಸ್ತಿ ಆಯ್ತಾ?” ಎಂದ. ಬಿಸಿಲಂತೆ! ಬಸ್ತಾವಿ ಎದ್ದ. ಕುರ್ಚಿ ಹಿಂದಕ್ಕೆ ಮಗುಚಿಕೊಂಡು ಬಿತ್ತು. ಯಾರೋ ಕಂಕುಳಿಗೆ ಕೈ ಹಾಕಲು ಬಂದರು, ಊರುಗೋಲಿನಿಂದ ಆ ಕೈಗೆ ಮೆಲ್ಲಗೆ ಒಂದು ಬಿಟ್ಟ. ನಜ್ಲಾಳ ಕಂಕುಳಿಂದ ನೀರಿನ ಬಾಟಲಿಯನ್ನು ಕಿತ್ತುಕೊಂಡು ಮನೆಯೊಳಗೆ ನಡೆದ.

ಬಡಗಣ ಗೋಡೆಯ ಕೊನೆಯಲ್ಲಿ ಕೂರಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಮೊಣಕಾಲು ಎರಡು ಸಲ ಸದ್ದು ಮಾಡಿತು. ಬಾಯಲ್ಲಿ ನೀರು ತುಂಬಿಕೊಂಡು, ಅಪ್ಪ ಮಾಡುತ್ತಿದ್ದ ಹಾಗೆ, ತುಂತುರಾಗಿ ಗೋಡೆಯ ಮುಖಕ್ಕೆ ಊದಿದ. ಇನ್ನೊಮ್ಮೆ ಊದಿದ. ಮಣ್ಣೆಲ್ಲ ಒಂದೇ ಕಪ್ಪಾಯಿತು. “ಕಾಯಿರಿ” ಅಂದ. ಹಿಜಾಜಿಗೆ ಈ ವಿದ್ಯೆ ಗೊತ್ತಿತ್ತು, ಅವನೂ ಬಗ್ಗಿದ. ಇಟ್ಟಿಗೆ ಬೇಗ ಒಣಗುತ್ತದೆ, ಸಂದಿನ ಕೆಸರು ತಡವಾಗಿ. ಮೆಲ್ಲಗೆ, ಜ್ವರ ಇಳಿದ ಮೇಲೆ ಮೈಯ ಬಣ್ಣ ಮರಳುವ ಹಾಗೆ, ಒಂದೊಂದೇ ಇಟ್ಟಿಗೆ ತಿಳಿಯಾಗಿ ಎದ್ದು ಬಂತು. ಕೊನೆಯ ಮೊಳದಗಲದಲ್ಲಿ ಮಾತ್ರ ಇಟ್ಟಿಗೆ ಏಳಲಿಲ್ಲ. ನೆಲದಿಂದ ಮೇಲಿನವರೆಗೆ ಒಂದು ಕಪ್ಪು ಪಟ್ಟಿ ಹಾಗೇ ಒದ್ದೆಯಾಗಿ ಉಳಿಯಿತು, ಸವರಿದ ಕೆಸರಿನದು. ಹಿಜಾಜಿ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು.

“ಇಲ್ಲಿ ಗೋಡೆ ಕೂಡಿತ್ತು” ಎಂದ ಬಸ್ತಾವಿ. “ಆ ಕಡೇನೂ ಹಿಂಗೇ ಐತೆ, ನೀರು ಹಾಕಿ ನೋಡ್ಕೊಳ್ಳಿ. ನಾನು ಕಡಿದೆ. ಗಾಳಿ ಇತ್ತು.”

ನಜ್ಲಾ ನಕ್ಷೆಯನ್ನು ಎದೆಗೆ ಒತ್ತಿಕೊಂಡು ಆ ಕಪ್ಪು ಪಟ್ಟಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಆರು ವರ್ಷ ಒಂದೊಂದಾಗಿ ಕೆಳಗೆ ಬೀಳುವುದನ್ನು ಬಸ್ತಾವಿ ನೋಡಿದ, ನೋಡಬಾರದಿತ್ತು. ಅಳುತ್ತಾಳೆ ಅಂದುಕೊಂಡ. ಅಳಲಿಲ್ಲ. ಮೂಗು ಒರೆಸಿಕೊಂಡು, ಕೆಲಸದ ದನಿಯಲ್ಲಿ ಕೇಳಿದಳು: “ದಪ್ಪ ಎಷ್ಟಿತ್ತು?”

“ಒಂದೂವರೆ ಇಟ್ಟಿಗೆ.”

“ಗಾಳೀಲಿ ಕಾಣದೆ ಕಡಿದ್ರಿ ಅಂದ್ರಲ್ಲ. ಕಾಣದೆ ಕಡಿದಿದ್ರೆ ಒಂದೂವರೆ ಅಂತ ಹೆಂಗೆ ಗೊತ್ತು ನಿಮಗೆ?”

ಬುದ್ಧಿವಂತೆ. ಆ ಡಾಕ್ಟರೇಟ್ ಮಾಡುವಾಗ ಎಲ್ಲಿಟ್ಟಿದ್ದಳು ಈ ಬುದ್ಧಿಯನ್ನು! ಬಸ್ತಾವಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ. ಹಿಜಾಜಿ ನೆಲ ನೋಡುತ್ತಿದ್ದ. ಶಹಾತಾ ಕೈಯಲ್ಲಿದ್ದ ಇಟ್ಟಿಗೆಯನ್ನು ಇಡದೆ ಹಾಗೇ ಹಿಡಿದು ನಿಂತಿದ್ದ.

“ನಾನು ಹೇಳಿದ್ದೆ ಅಮ್ಮಾ ಅವರಿಗೆ” ಎಂದಿತು ಹಿಂದಿನಿಂದ ವಿಸ್ಸಾನ ದನಿ. ಲೋಟ ಹಿಡಿದುಕೊಂಡೇ ಬಂದಿದ್ದ. “ಅವತ್ತು ನಾನು ಬುಟ್ಟಿ ಹೊರ್ತಿದ್ದೆ. ಬಿದ್ದ ಇಟ್ಟಿಗೆ ಎತ್ತಿ ಹಾಕುವಾಗ ಎಣಿಸಿದ್ದೆ. ಒಂದೂವರೆ ಅಂತ ನಾನೇ ಆಮೇಲೆ ಹೇಳ್ದೆ.”

ಎಷ್ಟು ಸಲೀಸಾಗಿ ಹೇಳಿದ! ಗೋಡೆ ಐತೆ ಅಂದಷ್ಟೇ ಸಲೀಸಾಗಿ. ಅವತ್ತಿನ ನಿಜಕ್ಕೂ ಇವತ್ತಿನ ಸುಳ್ಳಿಗೂ ಒಂದೇ ದನಿ. ಬಸ್ತಾವಿ ಅವನ ಮುಖ ನೋಡಿದ. ಅದರಲ್ಲಿ ಸೊಕ್ಕಿರಲಿಲ್ಲ. ಇದ್ದದ್ದು ಕಾವಲಿನವನ ಮುಖ. ಗೋಡೆ ಹತ್ತಲಾರದ ಮುದುಕ ಕಳ್ಳನಿಗೆ ತಾನೇ ಬಾಗಿಲು ತೆರೆದು ಕೊಡುವವನದು. ಸುಮ್ಮನಿದ್ದರೆ ಸಾಕಿತ್ತು. ಹಿಜಾಜಿಯ ಕೆಲಸ ಉಳಿಯುತ್ತಿತ್ತು, ಕೈಯ ಹೆಸರು ಅರ್ಧ ಉಳಿಯುತ್ತಿತ್ತು, ರಾತ್ರಿಯ ರೈಲಿಗೆ ಊರಿಗೆ ಹೋಗಿ ಹೆಂಡತಿ ಬಿಸಿಲಿಗಿಟ್ಟು ಉಬ್ಬಿಸಿದ ರೊಟ್ಟಿ ತಿನ್ನಬಹುದಿತ್ತು. ಇವನ ಹತ್ತಿರ ಇದನ್ನೂ ತೆಗೆದುಕೊಳ್ಳಬೇಕೆ? ಬೆರಳಾಯಿತು, ಬಿಸ್ಕತ್ತಾಯಿತು, ಈಗ ಸುಳ್ಳೂ ಇವನ ಮನೆಯದೇ ಆಗಬೇಕೆ?

“ಬಾಯ್ಮುಚ್ಚೋ” ಎಂದ ಬಸ್ತಾವಿ. “ಸುಳ್ಳು ಹೇಳ್ತಾವ್ನೆ ಕಣಮ್ಮ. ಇವನು ಎಣಿಸಿಲ್ಲ. ಇವನು ಅಲ್ಲಿ ಇರ್ಲೇ ಇಲ್ಲ. ಗೋಡೆ ಐತೆ ಅಂದ ಅಂತ ಅಷ್ಟೊತ್ತಿಗೆ ಕೆಲಸದಿಂದ ತೆಗೆದುಹಾಕಿದ್ದೆ. ಎಣಿಸಿದೋನು ನಾನು. ಎಣಿಸಿ, ಆಮೇಲೆ ಕಡಿದೆ. ಇವನ ಮಾತು ಸುಳ್ಳಾಗ್ಲಿ ಅಂತ ಕಡಿದೆ. ಆ ಕ್ಯಾಮರಾ ಇಟ್ಕೊಂಡಿದಾನಲ್ಲ, ಬೇಕಾದ್ರೆ ಇನ್ನೊಂದ್ಸಲ ಹೇಳ್ತೀನಿ.”

ಕ್ಯಾಮರಾದವನು ಅದನ್ನು ಯಾವಾಗಲೋ ಕೆಳಗಿಳಿಸಿದ್ದ. ಹೊಳೆಯ ಕಡೆಯಿಂದ ದೋಣಿಯ ಇಂಜಿನ್ನಿನ ಸದ್ದು ಬಂದು ಹೋಯಿತು. ಹಿಜಾಜಿ ಮಾವನ ಮುಖ ನೋಡದೆ, ಗೋಡೆಯ ಕಪ್ಪು ಪಟ್ಟಿಯ ಮೇಲೆ ಅಂಗೈ ಇಟ್ಟು, ತೆಗೆದು, ಅಂಗೈಯನ್ನೇ ನೋಡಿಕೊಂಡ. ನಜ್ಲಾ ಕೂಡಲೇ ಕ್ಷಮಿಸುವ ಮಾತೇನೂ ಆಡಲಿಲ್ಲ. “ನೀವು ಮಾಡಿದ್ದು ಸಣ್ಣದಲ್ಲ ರಯಿಸ್” ಎಂದಷ್ಟೇ ಹೇಳಿ, ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು, ಅಲ್ಲೇ ಕೂತು ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು, ಲೂಡೊ ಏನೂ ಬರೆಯದ ಜಾಗದಲ್ಲಿ ಒಂದು ಗೆರೆ ಎಳೆದಳು. ಇನ್ನೊಂದು ಗೆರೆ ಎಳೆದಳು. ಪೆನ್ಸಿಲಿನ ಮೊನೆ ಮುರಿಯಿತು, ಎಷ್ಟು ಒತ್ತಿದ್ದಳೋ. “ದಾರ ತಿರುಗಿಸು ಶಹಾತಾ” ಎಂದಳು.

ಶಹಾತಾ ಗೂಟ ಹುಡುಕಲು ಹೋದ. ಬಸ್ತಾವಿ ಕಾಯಲಿಲ್ಲ. ಬಿದ್ದಿದ್ದ ಗೂಟ ಒಂದನ್ನು ತೆಗೆದುಕೊಂಡು, ಕುಕ್ಕರುಗಾಲಲ್ಲೇ ಸರಿಯುತ್ತ, ದಾರದ ತುದಿಯನ್ನು ಮೂಡಲ ಮೂಲೆಯಿಂದ ತೆಂಕಲಿಗೆ ಎಳೆದ. ಆರು ಹೆಜ್ಜೆ. ಕೂತುಕೊಂಡು ಹೋಗುವವನಿಗೆ ಅದೆಷ್ಟೋ ದೂರ. ಯಾರೂ ಕೈಕೊಡಲು ಬರಲಿಲ್ಲ. ಏನೂ ಮಾಡೋದು ಬೇಡ ಎಂದು ಯಾರೂ ಹೇಳಲಿಲ್ಲ. ಗೂಟ ನೆಟ್ಟು, ಕಲ್ಲಿನಿಂದ ಬಡಿದು, ದಾರವನ್ನು ಬೆರಳಿನಿಂದ ಮೀಟಿ ನೋಡಿದ. ಬಿಗಿಯಾಗಿತ್ತು. ಕಣ್ಣು ಕಿರಿದು ಮಾಡಿ ದಾರದ ಉದ್ದಕ್ಕೆ ನೋಡಿದ. ನೇರವಾಗಿತ್ತು. ಐವತ್ತು ವರ್ಷದ ಕಣ್ಣು.

“ರಯಿಸ್” ಎಂದ ವಿಸ್ಸಾ. ತನ್ನ ಕುರ್ಚಿಗೆ ಮರಳಿ ಹೋಗಿ ಕೂತಿದ್ದ. “ದಾರ ಸೊಟ್ಟ ಐತೆ.”

ಸೊಟ್ಟವೇ? ಬುಟ್ಟಿ ಹೊತ್ತವನು, ಕಲ್ಲು ಕೊಯ್ದವನು, ಎಲ್ಲೋ ನೆರಳಿನಲ್ಲಿ ಕೂತು ಸಕ್ಕರೆ ನೆಕ್ಕುತ್ತ! ಬಸ್ತಾವಿ ಮತ್ತೆ ನೋಡಿದ. ನೇರವಾಗಿಯೇ ಇತ್ತು. ಎದುರಿಗಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು, ಯಾರೂ ನಗಲಿಲ್ಲ. ಅವನು ದಾರದ ಕೆಳಗಿನ ನೆಲದ ಮೇಲೆ ಅಂಗೈ ಇಟ್ಟ. ತಣ್ಣಗೂ ಇರಲಿಲ್ಲ, ಬೆಚ್ಚಗೂ ಇರಲಿಲ್ಲ. ಮೊದಲ ಸಲ ಅದು ಏನೂ ಹೇಳಲಿಲ್ಲ.

ಗೂಟ ಕಿತ್ತ. ಒಂದು ಬೆರಳಗಲ ಪಡುವಲಿಗೆ ಸರಿಸಿ ನೆಟ್ಟ.

“ಈಗ?” ಎಂದು ಕೇಳಿದ.

ವಿಸ್ಸಾ ಲೋಟವನ್ನು ಎತ್ತಿ, ತಳದ ಸಕ್ಕರೆ ಜಾರಿ ಬರುವವರೆಗೆ ಓರೆ ಮಾಡಿ, ಅವಸರವಿಲ್ಲದೆ ಕುಡಿಯತೊಡಗಿದ. ಬಸ್ತಾವಿ ದಾರ ಹಿಡಿದುಕೊಂಡು ಕಾದ.